2500 ಆರ್‌ಪಿಎಂನಲ್ಲಿ ಬದುಕುವ ಎಂಜಿನ್

ಕ್ರೂಸರ್ ಬೈಕಿನ ಎಂಜಿನ್ ತನ್ನ ಆಯುಷ್ಯದ ಬಹುಪಾಲನ್ನು 2000ದಿಂದ 3500 ಆರ್‌ಪಿಎಂ (ನಿಮಿಷಕ್ಕೆ ಇಷ್ಟು ಸುತ್ತು) ಒಳಗೇ ಕಳೆಯುತ್ತದೆ. ಹೆದ್ದಾರಿಯಲ್ಲಿ ಟಾಪ್ ಗೇರಿನ ಓಟ, ಗೇರ್ ಇಳಿಸದೆ ಥ್ರಾಟಲ್ ಕೊಟ್ಟು ಲಾರಿಯನ್ನು ದಾಟುವುದು, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಏರು ಹತ್ತುವುದು, ಎಲ್ಲ ನಡೆಯುವುದು ಅಲ್ಲೇ. 5500 ಮುಟ್ಟುವುದು ಎಲ್ಲೋ ಒಂದೆರಡು ಕ್ಷಣ. ಅಪ್‌ಗ್ರೇಡ್ ಕಿಟ್‌ಗಳ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ ಹಾರ್ಸ್‌ಪವರ್ ಮಾತ್ರ ಸಾಮಾನ್ಯವಾಗಿ ಆ ಒಂದೆರಡು ಕ್ಷಣದ್ದು.

ಲೆಕ್ಕ ಹಾಕಿ ನೋಡೋಣ. ಟಾರ್ಕನ್ನು, ಅಂದರೆ ಎಂಜಿನ್ ತಿರುಗಿಸುವ ಬಲವನ್ನು, ನ್ಯೂಟನ್ ಮೀಟರ್‌ನಲ್ಲಿ ತೆಗೆದುಕೊಂಡು ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ. 2500ರಲ್ಲಿ 150 ನ್ಯೂಟನ್ ಮೀಟರ್ ಕೊಡುವ ಎಂಜಿನ್ ಅಲ್ಲಿ ಸುಮಾರು 39 ಕಿಲೋವ್ಯಾಟ್ ಹೊಮ್ಮಿಸುತ್ತದೆ. ಈಗ ಒಂದು ದೊಡ್ಡ ಕ್ಯಾಮ್, ಅಂದರೆ ವಾಲ್ವ್‌ಗಳನ್ನು ಹೆಚ್ಚು ಎತ್ತರಕ್ಕೆ, ಹೆಚ್ಚು ಹೊತ್ತು ತೆರೆಯುವ ಉಬ್ಬುಗಳ ದಂಡ, ಹಾಕಿದಿರಿ. 2500ರಲ್ಲಿ 15 ನ್ಯೂಟನ್ ಮೀಟರ್ ಹೋಯಿತು, 5500ರಲ್ಲಿ ಅಷ್ಟೇ ಬಂತು ಅಂದುಕೊಳ್ಳಿ. ಕೆಳಗೆ ಹೋದದ್ದು 4 ಕಿಲೋವ್ಯಾಟ್‌ಗೂ ಕಡಿಮೆ, ಮೇಲೆ ಬಂದದ್ದು 8.6. ಕಾಗದದ ಮೇಲೆ ಇದು ಭಾರೀ ಲಾಭ. ರಸ್ತೆಗಿಳಿದರೆ ಬೈಕು ಮೊದಲಿಗಿಂತ ಮಂಕು, ಏಕೆಂದರೆ ಕಳೆದುಕೊಂಡದ್ದು ದಿನವಿಡೀ ಬಳಸುವ ಜಾಗದಲ್ಲಿ. ಕ್ರೂಸರ್‌ಗೆ ಬಿಡಿಭಾಗ ಆರಿಸುವಾಗ ಆಗುವ ಹೆಚ್ಚಿನ ತಪ್ಪುಗಳ ಬೇರು ಇಲ್ಲಿದೆ.

ಹಾಗಾಗಿ ಏನನ್ನೂ ಕೊಳ್ಳುವ ಮೊದಲು ಇರುವ ಬೈಕನ್ನು ಅಳೆದಿಡಿ. ಖಾಲಿಯಿರುವ, ಸಮತಟ್ಟಾದ ನೇರ ರಸ್ತೆ ಬೇಕು. ಎಂಜಿನ್ ಚೆನ್ನಾಗಿ ಕಾದ ಮೇಲೆ ಮೂರನೇ ಗೇರಿನಲ್ಲಿ 2000 ಆರ್‌ಪಿಎಂಗೆ ಸ್ಥಿರವಾಗಿ ಬಂದು, ಥ್ರಾಟಲ್ ಪೂರ್ತಿ ತೆರೆದು, 4000 ಮುಟ್ಟಲು ಎಷ್ಟು ಸೆಕೆಂಡು ಹಿಡಿಯಿತು ನೋಡಬೇಕು. ಅಷ್ಟರಲ್ಲಿ ವೇಗಮಿತಿ ದಾಟುವಂತಿದ್ದರೆ ಎರಡನೇ ಗೇರ್ ಸಾಕು. ಮೀಟರ್ ಕಾಣುವಂತೆ ಕ್ಯಾಮೆರಾ ಕಟ್ಟಿದರೆ ನಿಮ್ಮ ಕಣ್ಣು ರಸ್ತೆಯ ಮೇಲೇ ಇರುತ್ತದೆ, ಸೆಕೆಂಡುಗಳನ್ನು ಆಮೇಲೆ ವಿಡಿಯೋದಲ್ಲಿ ಎಣಿಸಬಹುದು. ಹೋಗುವಾಗ ಮೂರು ಸಲ, ಬರುವಾಗ ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಗಾಳಿಯ ದಿಕ್ಕು, ರಸ್ತೆಯ ಸಣ್ಣ ಇಳಿಜಾರು ಎರಡೂ ಹೊಡೆದುಹೋಗುತ್ತವೆ. ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇತ್ತು, ಹವೆ ಎಷ್ಟು ಬಿಸಿಯಿತ್ತು ಎಂಬುದನ್ನೂ ಬರೆದಿಡಿ.

ಜತೆಗೆ ಎಂಜಿನ್‌ನ ಆರೋಗ್ಯ. ಎರಡೂ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಶನ್ ಗೇಜಿನಲ್ಲಿ ಒತ್ತಡ ನೋಡಿ. ಎರಡು ಸಿಲಿಂಡರ್‌ಗಳ ನಡುವೆ ಶೇಕಡಾ 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಲೀಕ್‌ಡೌನ್ ಪರೀಕ್ಷೆಗೆ ಹೋಗಬೇಕು. ಪಿಸ್ಟನ್ನನ್ನು ಕಂಪ್ರೆಶನ್ ಸ್ಟ್ರೋಕಿನ ಮೇಲ್ತುದಿಗೆ ತಂದು, ಗೇರಿಗೆ ಹಾಕಿ ಹಿಂಬದಿ ಬ್ರೇಕ್ ಒತ್ತಿಹಿಡಿದು, ಪ್ಲಗ್ ತೂತಿನಿಂದ ಗಾಳಿ ಬಿಡುವುದು. ಬ್ರೇಕ್ ಹಿಡಿಯದಿದ್ದರೆ ಗಾಳಿಯ ಒತ್ತಡಕ್ಕೆ ಎಂಜಿನ್ ಒಮ್ಮೆಗೇ ತಿರುಗಿಬಿಡುತ್ತದೆ. ಹಿಸ್ ಎನ್ನುವ ಸದ್ದು ಥ್ರಾಟಲ್ ಬಾಡಿಯಿಂದ ಬಂದರೆ ಇನ್‌ಟೇಕ್ ವಾಲ್ವ್ ಸೋರುತ್ತಿದೆ, ಸೈಲೆನ್ಸರಿನಿಂದ ಬಂದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ತುಂಬುವ ಬಾಯಿಂದ ಬಂದರೆ ರಿಂಗ್. ಸೋರುವ ಎಂಜಿನ್ ಮೇಲೆ ಹೊಸ ಕ್ಯಾಮ್ ಹಾಕುವುದು ಒಡೆದ ಕೊಡಕ್ಕೆ ನೀರು ತುಂಬಿದ ಹಾಗೆ.

1999ರಲ್ಲಿ ಬಂದ ಹಾರ್ಲೆ ಟ್ವಿನ್ ಕ್ಯಾಮ್ 88 ಎಂಜಿನ್ ನಿಮ್ಮದಾಗಿದ್ದರೆ, ಪವರ್ ಯೋಚನೆಗೂ ಮೊದಲು ಕ್ಯಾಮ್ ಕವರ್ ಬಿಚ್ಚಿ ಚೈನ್ ಟೆನ್ಶನರ್ ನೋಡಲೇಬೇಕು. ಸ್ಪ್ರಿಂಗ್ ಬಲದಿಂದ ಚೈನನ್ನು ಸದಾ ಒತ್ತುವ ಅದರ ಪ್ಲಾಸ್ಟಿಕ್ ಪಟ್ಟಿ ಸವೆಯುತ್ತ ಬಂದು, ಪುಡಿ ಆಯಿಲ್ ಪಂಪಿಗೆ ಸೇರಿ, ಕೊನೆಗೆ ಆಯಿಲ್ ಒತ್ತಡವೇ ಬಿದ್ದುಹೋಗಬಹುದು. ಹೈಡ್ರಾಲಿಕ್ ಟೆನ್ಶನರ್ ಇರುವ ಕ್ಯಾಮ್ ಪ್ಲೇಟ್‌ಗೆ ಬದಲಾಯಿಸುವ ಕೆಲಸಕ್ಕೆ ಹೇಗೂ ಕ್ಯಾಮ್‌ಗಳು ಹೊರಬರುತ್ತವೆ, ಆಗಲೇ ಹೊಸ ಕ್ಯಾಮ್ ಹಾಕಿಕೊಳ್ಳುವುದು ಜಾಣತನ. ಚೈನ್ ಬಿಟ್ಟು ಗೇರ್ ಡ್ರೈವ್ ಹಾಕುವ ಆಸೆಯಿದ್ದರೆ ಮೊದಲು ಡಯಲ್ ಗೇಜಿನಲ್ಲಿ ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತವನ್ನು ತಿರುಗುವ ಚಲನೆಯಾಗಿಸುವ ದಂಡ) ತುದಿಯ ಓರೆ ನೋಡಿ. 0.003 ಇಂಚು, ಅಂದರೆ 0.075 ಮಿಲಿಮೀಟರ್ ದಾಟಿದ್ದರೆ ಆ ಯೋಚನೆ ಬಿಡಿ. ಚೈನು ತಡೆದುಕೊಳ್ಳುವ ಓಲಾಟವನ್ನು ಗೇರಿನ ಹಲ್ಲು ತಡೆದುಕೊಳ್ಳುವುದಿಲ್ಲ.

ಎಂಜಿನ್ ಬಿಚ್ಚದೆಯೇ ಸಿಗುವ ಒಂದು ಲಾಭದ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಬೆಲ್ಟ್ ಅಥವಾ ಚೈನ್ ಡ್ರೈವ್ ಬೈಕಿನಲ್ಲಿ ಮುಂದಿನ ಪುಲ್ಲಿ 32 ಹಲ್ಲಿನದಿದ್ದು ಅದನ್ನು 30ಕ್ಕೆ ಇಳಿಸಿದರೆ, ಪ್ರತಿ ಗೇರಿನಲ್ಲೂ ಪ್ರತಿ ಆರ್‌ಪಿಎಂನಲ್ಲೂ ಹಿಂದಿನ ಚಕ್ರಕ್ಕೆ ಶೇಕಡಾ 6.7ರಷ್ಟು ಹೆಚ್ಚು ಟಾರ್ಕ್ ಸಿಗುತ್ತದೆ. ಅದಕ್ಕೆ ಬದಲಾಗಿ ಹೆದ್ದಾರಿಯಲ್ಲಿ ಎಂಜಿನ್ ಅಷ್ಟೇ ಪ್ರಮಾಣದಲ್ಲಿ ಹೆಚ್ಚು ತಿರುಗುತ್ತದೆ. ವೇಗದ ಸೆನ್ಸರ್ ಗೇರ್‌ಬಾಕ್ಸಿನಲ್ಲಿರುವ ಬೈಕುಗಳಲ್ಲಿ ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆ, ಅದನ್ನು ಸರಿಹೊಂದಿಸಿಕೊಳ್ಳಬೇಕು. ಟಾಪ್ ಗೇರಿನಲ್ಲಿ ಬೈಕು ಎಳೆಯುತ್ತಿಲ್ಲ ಎಂಬುದೊಂದೇ ದೂರಾಗಿದ್ದರೆ ಎಷ್ಟೋ ಸಲ ಮದ್ದು ಇಷ್ಟೇ.

ಇನ್ನು ಎಲ್ಲರೂ ಶುರು ಮಾಡುವ ಜಾಗ: ಏರ್ ಫಿಲ್ಟರ್, ಎಕ್ಸಾಸ್ಟ್, ಟ್ಯೂನಿಂಗ್ (ಪೆಟ್ರೋಲ್ ಮತ್ತು ಕಿಡಿಯ ಹೊಂದಾಣಿಕೆ). ಹಾರ್ಲೆ ಲೋಕದಲ್ಲಿ ಸ್ಟೇಜ್ 1 ಅನ್ನುವುದು ಇದನ್ನೇ. ಸ್ಟೇಜ್ 2ರಲ್ಲಿ ಕ್ಯಾಮ್, 3ರಲ್ಲಿ ದೊಡ್ಡ ಬೋರು (ಹೆಚ್ಚು ಅಗಲದ ಸಿಲಿಂಡರ್), 4ರಲ್ಲಿ ಸಿಲಿಂಡರ್ ಮೇಲಿನ ಹೆಡ್ ಮತ್ತು ಥ್ರಾಟಲ್ ಬಾಡಿ ಸೇರುತ್ತವೆ. ಫಿಲ್ಟರ್ ವಿಷಯದಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಕಡಿಮೆ. ಹೆಡ್‌ನಿಂದ ಬರುವ ಆಯಿಲ್ ಆವಿಗೆ ಸರಿಯಾದ ದಾರಿ ಇದೆಯೇ, ಮಳೆಯಲ್ಲಿ ನೆನೆಯುತ್ತದೆಯೇ ಎಂದು ನೋಡಿದರೆ ಆಯಿತು.

ಎಕ್ಸಾಸ್ಟ್ ಹಾಗಲ್ಲ. ತಡೆಯೇ ಇಲ್ಲದ ನೇರ ಪೈಪುಗಳು ಸದ್ದಿನಲ್ಲಿ ಎಷ್ಟು ಗಟ್ಟಿಯೋ ಟಾರ್ಕಿನಲ್ಲಿ ಅಷ್ಟೇ ಪೊಳ್ಳು. ಪೈಪಿನ ತೆರೆದ ತುದಿ ಮುಟ್ಟಿದ ಒತ್ತಡದ ಅಲೆ ತಿರುಗಿ ಬರುತ್ತದೆ. ಎರಡೂ ವಾಲ್ವ್ ಸ್ವಲ್ಪ ಸ್ವಲ್ಪ ತೆರೆದಿರುವ ಹೊತ್ತಿಗೆ ಅದು ಎಕ್ಸಾಸ್ಟ್ ವಾಲ್ವಿಗೆ ತಪ್ಪು ಗಳಿಗೆಯಲ್ಲಿ ಮುಟ್ಟಿದರೆ ಸುಟ್ಟ ಗಾಳಿಯನ್ನು ಸಿಲಿಂಡರ್‌ಗೆ ವಾಪಸ್ ತಳ್ಳುತ್ತದೆ. ಇದರಿಂದ 2500ರಿಂದ 3500ರ ಆಸುಪಾಸಿನಲ್ಲಿ ಟಾರ್ಕ್ ಗೆರೆ ಗುಂಡಿ ಬೀಳುವುದುಂಟು, ಅಂದರೆ ಕ್ರೂಸರ್ ಬದುಕುವ ಜಾಗದಲ್ಲೇ. ಎರಡು ಪೈಪು ಸೇರಿ ಒಂದಾಗುವ ಟೂ ಇನ್‌ಟು ಒನ್ ವಿನ್ಯಾಸದಲ್ಲಿ ಒಂದು ಸಿಲಿಂಡರಿನ ಹರಿವು ಇನ್ನೊಂದನ್ನು ಎಳೆದು ಖಾಲಿ ಮಾಡಲು ನೆರವಾಗುತ್ತದೆ; ನಡು ಆರ್‌ಪಿಎಂ ಬೇಕೆನ್ನುವವರಿಗೆ ನನ್ನ ಮತ ಅದಕ್ಕೇ. ಹೊಸ ಎಕ್ಸಾಸ್ಟ್ ಜೋಡಿಸುವಾಗ ಹೆಡ್ ಬಳಿಯ ಗ್ಯಾಸ್ಕೆಟ್ ಹೊಸದಿರಲಿ. ಆಕ್ಸಿಜನ್ ಸೆನ್ಸರಿಗಿಂತ ಮೊದಲು ಒಂದು ಕೂದಲಷ್ಟು ಸೋರಿದರೂ ಹೊರಗಿನ ಗಾಳಿ ಒಳಗೆ ನುಸುಳಿ, ಪೆಟ್ರೋಲ್ ಕಡಿಮೆಯಾಗಿದೆ ಎಂದು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ತಪ್ಪು ತಿಳಿದು ಇನ್ನಷ್ಟು ಸುರಿಯುತ್ತದೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಯುವುದು ಬಹಳ ಕಡೆ ಕಾನೂನಿಗೆ ವಿರುದ್ಧ, ಆದ್ದರಿಂದ ಅದನ್ನು ಉಳಿಸಿಕೊಳ್ಳುವ ಎಕ್ಸಾಸ್ಟ್ ಹುಡುಕಿ.

ಕ್ಯಾಮ್ ವಿಷಯಕ್ಕೆ ಬಂದಾಗ ಎಲ್ಲರ ಕಣ್ಣು ಹೋಗುವುದು ಲಿಫ್ಟ್ ಮೇಲೆ, ಅಂದರೆ ವಾಲ್ವ್ ಎಷ್ಟು ಎತ್ತರ ಏಳುತ್ತದೆ ಎಂಬುದರ ಮೇಲೆ. ಕ್ಯಾಮ್ ಕಾರ್ಡ್ (ಕ್ಯಾಮ್ ಜತೆ ಬರುವ ಅಳತೆಗಳ ಚೀಟಿ) ಕೈಗೆ ಬಂದರೆ ಮೊದಲು ಓದಬೇಕಾದ ಸಾಲು ಬೇರೆ ಇದೆ: ಇನ್‌ಟೇಕ್ ವಾಲ್ವ್ ಮುಚ್ಚುವಾಗಿನ ಕ್ರ್ಯಾಂಕ್ ಡಿಗ್ರಿ. ಪಿಸ್ಟನ್ ಕೆಳತುದಿ ಮುಟ್ಟಿ ಮತ್ತೆ ಮೇಲೇರಲು ಶುರು ಮಾಡಿದ ಮೇಲೂ ಈ ವಾಲ್ವ್ ಕೊಂಚ ಹೊತ್ತು ತೆರೆದೇ ಇರುತ್ತದೆ. 5000 ಆರ್‌ಪಿಎಂನಲ್ಲಿ ಒಳನುಗ್ಗುವ ಗಾಳಿಗೆ ಎಷ್ಟು ರಭಸವೆಂದರೆ ಪಿಸ್ಟನ್ ಮೇಲೇರುತ್ತಿದ್ದರೂ ಅದು ತುಂಬುತ್ತಲೇ ಇರುತ್ತದೆ. 2200ರಲ್ಲಿ ಆ ರಭಸ ಇಲ್ಲ. ತುಂಬಿದ ಗಾಳಿಯಲ್ಲಿ ಒಂದು ಪಾಲನ್ನು ಪಿಸ್ಟನ್ ವಾಪಸ್ ದಬ್ಬಿಬಿಡುತ್ತದೆ.

ಎಷ್ಟು ಪಾಲು? ಹಾರ್ಲೆಯ ಮಿಲ್ವಾಕೀ ಎಯ್ಟ್ 107 ಎಂಜಿನ್ ತೆಗೆದುಕೊಳ್ಳಿ. 2017ರ ಮಾದರಿಗಳೊಂದಿಗೆ ಬಂದ ಈ ಎಂಜಿನ್‌ನ ಬೋರ್ 100 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ನಿನ ಓಟದ ಉದ್ದ) 111.1, ಒಟ್ಟು 1746 ಸಿಸಿ. ಪಿಸ್ಟನ್ ಕೆಳತುದಿ ಮುಟ್ಟಿ ಕ್ರ್ಯಾಂಕ್ 30 ಡಿಗ್ರಿ ತಿರುಗಿದ ಮೇಲೆ ವಾಲ್ವ್ ಮುಚ್ಚಿದರೆ ಪಿಸ್ಟನ್ ಆಗಲೇ 5 ಮಿಲಿಮೀಟರ್‌ನಷ್ಟು ಮೇಲೆ ಬಂದಿರುತ್ತದೆ. 50 ಡಿಗ್ರಿಗೆ ಮುಚ್ಚಿದರೆ 15 ಮಿಲಿಮೀಟರ್. 10:1 ಕಂಪ್ರೆಶನ್ ಇರುವ, ಅಂದರೆ ತುಂಬಿದ ಗಾಳಿಯನ್ನು ಹತ್ತನೇ ಒಂದು ಜಾಗಕ್ಕೆ ಅದುಮುವ, ಎಂಜಿನ್ನಿನಲ್ಲಿ ನಿಜವಾಗಿ ಅದುಮಲ್ಪಡುವ ಗಾಳಿಯ ಲೆಕ್ಕ ಹಾಕಿದರೆ ಮೊದಲ ಕ್ಯಾಮಿನಲ್ಲಿ ಅದು ಸುಮಾರು 9.6:1, ಎರಡನೆಯದರಲ್ಲಿ 8.8:1. ಕ್ಯಾಮ್ ಕಾರ್ಡಿನ ಡಿಗ್ರಿ ಸಾಮಾನ್ಯವಾಗಿ 0.053 ಇಂಚು ಲಿಫ್ಟ್ ಇರುವಾಗಿನದು, ವಾಲ್ವ್ ಪೂರ್ತಿ ಕೂರುವುದು ಇನ್ನೂ ತಡವಾಗಿ. ಆದ್ದರಿಂದ ಈ ಲೆಕ್ಕ ಎರಡು ಕ್ಯಾಮ್‌ಗಳನ್ನು ಹೋಲಿಸುವುದಕ್ಕಷ್ಟೇ. ಹೋಲಿಕೆಗೆ ಅಷ್ಟು ಸಾಕು. ಕಂಪ್ರೆಶನ್ ಮುಟ್ಟದೆ ತಡವಾಗಿ ಮುಚ್ಚುವ ಕ್ಯಾಮ್ ಹಾಕಿದರೆ ಕೆಳ ಆರ್‌ಪಿಎಂನಲ್ಲಿ ಎಂಜಿನ್ ಯಾಕೆ ಸತ್ತಂತಾಗುತ್ತದೆ ಎಂಬುದು ಇದರಲ್ಲೇ ಇದೆ. ಮೂಲ ಪಿಸ್ಟನ್ ಉಳಿಸಿಕೊಂಡು ಕ್ಯಾಮ್ ಮಾತ್ರ ಬದಲಿಸುವವರು ಮುಚ್ಚುವ ಬಿಂದು 25ರಿಂದ 35 ಡಿಗ್ರಿಯೊಳಗಿರುವುದನ್ನೇ ಆರಿಸಿಕೊಳ್ಳಲಿ. 45 ದಾಟಿದ ಕ್ಯಾಮ್ ಬೇಕೇ ಬೇಕೆಂದರೆ ಕಂಪ್ರೆಶನ್ ಏರಿಸುವ ಕೆಲಸವನ್ನೂ ಅದರ ಜತೆಗೇ ಲೆಕ್ಕಕ್ಕೆ ಹಿಡಿಯಬೇಕು. ಇವೆರಡು ಜೋಡೆತ್ತಿನ ಹಾಗೆ, ಒಂದನ್ನೇ ಬಿಚ್ಚಿ ಬದಲಿಸಿದರೆ ಗಾಡಿ ಓರೆಯಾಗುತ್ತದೆ.

ಇದೇ ಮಾತು ಉಲ್ಟಾ ದಿಕ್ಕಿನಲ್ಲೂ ನಿಜ. ಬೇಗ ಮುಚ್ಚುವ ಕ್ಯಾಮ್ ಜತೆಗೆ ಕಂಪ್ರೆಶನ್ ತೀರಾ ಏರಿಸಿದರೆ ನಾಕಿಂಗ್ (ಪೆಟ್ರೋಲ್ ಮಿಶ್ರಣ ತಾನಾಗಿಯೇ ಸಿಡಿಯುವುದು) ಬರುತ್ತದೆ: ತಗಡಿನ ಡಬ್ಬಿಯಲ್ಲಿ ಸಣ್ಣ ಕಲ್ಲು ಹಾಕಿ ಅಲ್ಲಾಡಿಸಿದಂಥ ಸದ್ದು. ಗಾಳಿಯಲ್ಲೇ ತಣಿಯುವ ಎಂಜಿನ್‌ಗೆ ಕಂಪ್ರೆಶನ್ ಗೇಜಿನಲ್ಲಿ 180ರಿಂದ 190 ಪಿಎಸ್‌ಐ ಬರುವುದು ಬಂಕಿನ ಒಳ್ಳೆಯ ಪೆಟ್ರೋಲಿಗೆ ಹೊಂದುವ ಮಟ್ಟ. 200 ದಾಟಿದರೆ ಟ್ಯೂನಿಂಗ್ ಬಹಳ ಜಾಗರೂಕತೆ ಕೇಳುತ್ತದೆ, ಸ್ಟಾರ್ಟರ್ ಮೋಟಾರೂ ಏದುಸಿರು ಬಿಡುತ್ತದೆ. ಪೆಟ್ರೋಲಿನ ಆಕ್ಟೇನ್ (ನಾಕಿಂಗ್ ತಡೆಯುವ ಗುಣದ ಅಂಕಿ) ಓದುವಾಗ ಯಾವ ಅಳತೆ ಎಂದು ಗಮನಿಸಿ. ಅಮೆರಿಕದ ಬಂಕಿನ 91 ಬೇರೆ ಹಲವು ದೇಶಗಳ 95ಕ್ಕೆ ಹತ್ತಿರದ್ದು. ಎರಡೂ ಬೇರೆ ಬೇರೆ ಮಾಪನ. ಅಮೆರಿಕದ ಕಿಟ್ ಒಂದಕ್ಕೆ 91 ಸಾಕೆಂದು ಬರೆದಿದ್ದರೆ ಅದನ್ನು ಇಲ್ಲಿಯ 91 ಎಂದು ಓದಿಕೊಂಡು ಪಿಸ್ಟನ್ ಒಡೆದುಕೊಳ್ಳಬಾರದು.

ಸಿಸಿ ಏರಿಸುವುದು ಟಾರ್ಕ್ ಹೆಚ್ಚಿಸುವ ಅತ್ಯಂತ ಪ್ರಾಮಾಣಿಕ ದಾರಿ ಎಂದೇ ನಾನು ತಿಳಿದಿದ್ದೇನೆ. ಎಲ್ಲ ಆರ್‌ಪಿಎಂನಲ್ಲೂ ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲ್, ಹೆಚ್ಚು ತಳ್ಳು. ಹಾರ್ಲೆಯ ಸ್ಪೋರ್ಟ್‌ಸ್ಟರ್ 883ನ್ನು 1200 ಮಾಡುವುದು ಇದಕ್ಕೆ ಹಳೆಯ, ಚೆನ್ನಾಗಿ ತುಳಿದ ಉದಾಹರಣೆ. ಎರಡರ ಸ್ಟ್ರೋಕೂ 96.8 ಮಿಲಿಮೀಟರ್, ಬೋರು ಮಾತ್ರ 76.2ರಿಂದ 88.9ಕ್ಕೆ ಹೋಗುತ್ತದೆ. ಆದರೆ ಇಲ್ಲೊಂದು ಬಲೆಯಿದೆ. 883ರಲ್ಲಿ ಒಂದು ಸಿಲಿಂಡರ್ 441 ಸಿಸಿ, ಕಂಪ್ರೆಶನ್ 9:1 ಎಂದು ಹಿಡಿದರೆ ಪಿಸ್ಟನ್ ಮೇಲೆ ಉಳಿಯುವ ಜಾಗ 55 ಸಿಸಿ. ಅದೇ ಹೆಡ್ ಕೆಳಗೆ 601 ಸಿಸಿ ಸಿಲಿಂಡರ್ ತಂದು ಚಪ್ಪಟೆ ಪಿಸ್ಟನ್ ಹಾಕಿದರೆ ಕಂಪ್ರೆಶನ್ 11.9:1ರ ಹತ್ತಿರ ಹೋಗಿಬಿಡುತ್ತದೆ. ಹಾಗಾಗಿ 883ರ ಹೆಡ್ ಉಳಿಸಿಕೊಳ್ಳುವವರಿಗೆ ತಲೆಯಲ್ಲಿ ಬಟ್ಟಲಿನಂತೆ ತಗ್ಗಿರುವ ಪಿಸ್ಟನ್ ಬೇಕು. ಕಿಟ್ ತರಿಸುವಾಗ ಪಿಸ್ಟನ್ ಯಾವ ಹೆಡ್‌ಗೆ ಮಾಡಿದ್ದು ಎಂದು ಕೇಳದೆ ದುಡ್ಡು ಕೊಡಬೇಡಿ.

ಬೋರ್ ಕೊರೆಸುವ ವರ್ಕ್‌ಶಾಪಿನಲ್ಲಿ ಟಾರ್ಕ್ ಪ್ಲೇಟ್ ಬಳಸುತ್ತಾರೆಯೇ ಎಂದು ವಿಚಾರಿಸಿ. ಉದ್ದನೆಯ ಸ್ಟಡ್‌ಗಳು ಹೆಡ್ಡನ್ನು ಬಿಗಿದಾಗ ಸಿಲಿಂಡರ್ ಕೊಂಚ ಸೊಟ್ಟಗಾಗುತ್ತದೆ. ದಪ್ಪ ಪ್ಲೇಟ್ ಬಿಗಿದು ಅದೇ ಸೊಟ್ಟ ಸ್ಥಿತಿಯಲ್ಲಿ ಕೊರೆದರೆ ಜೋಡಿಸಿದ ಮೇಲೆ ಗುಂಡಗೆ ಬರುತ್ತದೆ. 100 ಮಿಲಿಮೀಟರ್ ಬೋರಿಗೆ ಮೇಲಿನ ರಿಂಗಿನ ಬಾಯಿ 0.4ರಿಂದ 0.5 ಮಿಲಿಮೀಟರ್ ಇರಬೇಕು, ರಿಂಗ್ ತಯಾರಕರು ಬೇರೆ ಹೇಳಿದ್ದರೆ ಅದೇ ಅಂತಿಮ. ಬಾಯಿ ಕಿರಿದಾದರೆ ಬಿಸಿಗೆ ರಿಂಗಿನ ತುದಿಗಳು ಒಂದಕ್ಕೊಂದು ಒತ್ತಿಕೊಂಡು ಗೋಡೆಯನ್ನು ಗೀರುತ್ತವೆ.

ಹೆಚ್ಚು ಲಿಫ್ಟಿನ ಕ್ಯಾಮ್ ಹಾಕಿದಾಗ ವಾಲ್ವ್ ಪಿಸ್ಟನ್ನಿಗೆ ತಾಗದೆಂದು ಖಾತ್ರಿ ಮಾಡಿಕೊಳ್ಳುವ ವಿಧಾನ ಮಾತ್ರ ಮಕ್ಕಳ ಆಟದಂತಿದೆ. ಮಕ್ಕಳು ಗೊಂಬೆ ಮಾಡುವ ಮೆತ್ತನೆಯ ಜೇಡಿಯನ್ನು ನಾಲ್ಕು ಮಿಲಿಮೀಟರ್ ದಪ್ಪಕ್ಕೆ ತಟ್ಟಿ ಪಿಸ್ಟನ್ ತಲೆಯ ವಾಲ್ವ್ ಗುಳಿಗಳ ಮೇಲೆ ಕೂರಿಸಿ. ವಾಲ್ವ್‌ಗೆ ಅಂಟದಿರಲು ಒಂದು ತೊಟ್ಟು ಎಣ್ಣೆ ಸವರಿ. ಒಮ್ಮೆ ಬಳಸಿದ ಗ್ಯಾಸ್ಕೆಟ್ಟಿನೊಂದಿಗೆ ಹೆಡ್ ಬಿಗಿದು, ಕ್ರ್ಯಾಂಕನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ, ಮತ್ತೆ ಹೆಡ್ ತೆಗೆಯಿರಿ. ಜೇಡಿಯಲ್ಲಿ ಬಾಲಚಂದ್ರನ ಆಕಾರದ ಅಚ್ಚು ಬಿದ್ದಿರುತ್ತದೆ. ಬ್ಲೇಡಿನಿಂದ ಅದನ್ನು ಅಡ್ಡಲಾಗಿ ಕೊಯ್ದು ಅತ್ಯಂತ ತೆಳು ಜಾಗವನ್ನು ಅಳೆಯಿರಿ. ಇನ್‌ಟೇಕ್ ಕಡೆ 2 ಮಿಲಿಮೀಟರ್, ಎಕ್ಸಾಸ್ಟ್ ಕಡೆ 2.5 ಇದ್ದರೆ ನೆಮ್ಮದಿ. ಎಕ್ಸಾಸ್ಟ್ ವಾಲ್ವ್ ಹೆಚ್ಚು ಕಾಯ್ದು ಉದ್ದವಾಗುವುದರಿಂದ ಅದಕ್ಕೆ ಜಾಗ ಜಾಸ್ತಿ. ಹೈಡ್ರಾಲಿಕ್ ಟ್ಯಾಪೆಟ್ (ಕ್ಯಾಮ್ ಮೇಲೆ ಕೂತು, ಆಯಿಲ್ ಒತ್ತಡದಿಂದ ತನ್ನ ಉದ್ದ ಹೊಂದಿಸಿಕೊಳ್ಳುವ ಭಾಗ) ಇಟ್ಟುಕೊಂಡು ಈ ಪರೀಕ್ಷೆ ಮಾಡಿದರೆ ಮೋಸಹೋಗುತ್ತೀರಿ. ಆಯಿಲ್ ಒತ್ತಡವಿಲ್ಲದ ಟ್ಯಾಪೆಟ್ ಒಳಗೆ ಕುಸಿದು, ವಾಲ್ವ್ ಕಡಿಮೆ ತೆರೆದು, ಇಲ್ಲದ ಅಂತರವನ್ನು ಇದೆಯೆಂದು ತೋರಿಸುತ್ತದೆ. ಪರೀಕ್ಷೆಗೆ ಮಾತ್ರ ಗಟ್ಟಿ ಟ್ಯಾಪೆಟ್ ಹಾಕಿಕೊಳ್ಳಬೇಕು. ವಾಲ್ವ್ ಸ್ಪ್ರಿಂಗ್ ಕೂಡ ನೋಡಿ: ಪೂರ್ತಿ ಲಿಫ್ಟಿನಲ್ಲಿ ಅದರ ಸುರುಳಿಗಳು ಒಂದರ ಮೇಲೊಂದು ಕೂತುಬಿಡುವ ಮೊದಲು ಕನಿಷ್ಠ 1.5 ಮಿಲಿಮೀಟರ್ ಉಳಿದಿರಬೇಕು.

ಉದ್ದ ಹೊಂದಿಸಬಹುದಾದ ಪುಶ್‌ರಾಡ್ (ಟ್ಯಾಪೆಟ್ಟಿನ ಚಲನೆಯನ್ನು ವಾಲ್ವ್ ಕಡೆಗೆ ಒಯ್ಯುವ ಕಡ್ಡಿ) ಹಾಕುವವರು ಅವಸರ ಮಾಡಿದರೆ ಕೆಲಸ ಕೆಡುತ್ತದೆ. ಆ ಸಿಲಿಂಡರಿನ ಪಿಸ್ಟನ್ ಕಂಪ್ರೆಶನ್ ಮೇಲ್ತುದಿಯಲ್ಲಿದ್ದು ಎರಡೂ ಟ್ಯಾಪೆಟ್ ಕೆಳಗಿರಲಿ. ಮೇಲೆ ಕೆಳಗೆ ಆಟ ನಿಲ್ಲುವವರೆಗೆ ರಾಡನ್ನು ಉದ್ದ ಮಾಡಿ, ಅಲ್ಲಿಂದ ಟ್ಯಾಪೆಟ್ ಒಳಗಿನ ಪ್ಲಂಜರ್ ತನ್ನ ಓಡಾಟದ ನಡುಮಧ್ಯ ಬರುವಷ್ಟು ಸುತ್ತು ಕೊಡಬೇಕು. ಇಂಚಿಗೆ 32 ಎಳೆಯ ರಾಡಿನಲ್ಲಿ ಒಂದು ಸುತ್ತು ಸುಮಾರು 0.8 ಮಿಲಿಮೀಟರ್, 0.1 ಇಂಚು ಬೇಕಿದ್ದರೆ ಮೂರು ಸುತ್ತಿಗಿಂತ ಚೂರು ಹೆಚ್ಚು. ಲಾಕ್ ನಟ್ ಬಿಗಿದು ಆಮೇಲೆ ಸುಮ್ಮನೆ ಕಾಯಬೇಕು. ಈಗ ರಾಡು ವಾಲ್ವನ್ನು ಒತ್ತಿ ತೆರೆದಿಟ್ಟಿರುತ್ತದೆ, ಬೆರಳಲ್ಲಿ ತಿರುಗಿಸಿದರೆ ಜಗ್ಗುವುದಿಲ್ಲ. ಟ್ಯಾಪೆಟ್ಟಿನ ಎಣ್ಣೆ ಮೆಲ್ಲಗೆ ಸೋರಿ ಪ್ಲಂಜರ್ ಇಳಿದ ಮೇಲೆ, ಹತ್ತಿಪ್ಪತ್ತು ನಿಮಿಷಕ್ಕೆ, ರಾಡು ಎರಡು ಬೆರಳ ನಡುವೆ ಸಲೀಸಾಗಿ ತಿರುಗತೊಡಗುತ್ತದೆ. ಆಗ ಮಾತ್ರ ಕ್ರ್ಯಾಂಕ್ ತಿರುಗಿಸಿ ಮುಂದಿನ ಸಿಲಿಂಡರಿಗೆ ಹೋಗಿ. ಮೊದಲೇ ತಿರುಗಿಸಿದರೆ ತೆರೆದಿರುವ ವಾಲ್ವಿಗೆ ಪಿಸ್ಟನ್ ಬಂದು ಬಡಿಯುತ್ತದೆ.

ಹೆಡ್ ಪೋರ್ಟಿಂಗ್, ಅಂದರೆ ಹೆಡ್ಡಿನೊಳಗಿನ ಗಾಳಿಯ ದಾರಿ ಕೊರೆದು ಅಗಲ ಮಾಡುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಾರಿ ಅಗಲವಾದಷ್ಟೂ ಕೆಳ ಆರ್‌ಪಿಎಂನಲ್ಲಿ ಗಾಳಿಯ ವೇಗ ಬೀಳುತ್ತದೆ. 4000ದ ಮೇಲೆ ಹೋಗದ ಬೈಕಿಗೆ ಅದು ಬೇಡ.

ಟಾರ್ಕ್ ಏರಿದರೆ ಅದನ್ನು ಹೊರುವ ಕ್ಲಚ್‌ಗೂ ಬಲ ಬೇಕು. ಟಾಪ್ ಗೇರಿನಲ್ಲಿ 2500ರಿಂದ ಥ್ರಾಟಲ್ ಪೂರ್ತಿ ಕೊಟ್ಟಾಗ ಆರ್‌ಪಿಎಂ ಮುಳ್ಳು ನೆಗೆದು ಬೈಕಿನ ವೇಗ ಹಿಂದುಳಿದರೆ ಕ್ಲಚ್ ಜಾರುತ್ತಿದೆ. ಗಟ್ಟಿ ಸ್ಪ್ರಿಂಗಿನಲ್ಲೇ ಹೆಚ್ಚಿನವು ಸರಿಹೋಗುತ್ತವೆ. ಒತ್ತಿ ಕೂಡಿಸಿದ ಕ್ರ್ಯಾಂಕ್ ಇರುವ ದೊಡ್ಡ ವಿ ಟ್ವಿನ್‌ಗಳಲ್ಲಿ ಭಾರೀ ಟಾರ್ಕಿನ ಏಟಿಗೆ ಕ್ರ್ಯಾಂಕ್ ಪಿನ್ ತನ್ನ ಜಾಗದಿಂದ ತುಸು ತಿರುಚಿಕೊಳ್ಳಬಹುದು. ಬೋರ್ ಬಹಳ ಏರಿಸುವವರು ಪಿನ್ ವೆಲ್ಡ್ ಮಾಡಿಸುವುದು ಅದಕ್ಕೇ.

ಎಲ್ಲ ಜೋಡಣೆ ಮುಗಿದ ಮೇಲೆ ಟ್ಯೂನಿಂಗ್ ಬಾಕಿ ಇರುತ್ತದೆ, ಅದನ್ನು ಉಳಿತಾಯದ ಬಾಬ್ತು ಮಾಡಿಕೊಳ್ಳಬೇಡಿ. ಕಾರ್ಖಾನೆಯ ಆಕ್ಸಿಜನ್ ಸೆನ್ಸರ್‌ಗೆ ಗೊತ್ತಾಗುವುದು ಗಾಳಿ ಮತ್ತು ಪೆಟ್ರೋಲಿನ ಅನುಪಾತದಲ್ಲಿ 14.6:1ರ ಆಸುಪಾಸಿನ ಒಂದು ಸಣ್ಣ ಕಿಟಕಿಯಷ್ಟೇ. ಥ್ರಾಟಲ್ ಪೂರ್ತಿ ತೆರೆದಾಗ ಬೇಕಾದ 12.8ರಿಂದ 13:1ರ ಮಟ್ಟವನ್ನು ನೋಡಲು ವೈಡ್‌ಬ್ಯಾಂಡ್ ಸೆನ್ಸರ್ ಬೇಕು. ಸಮವೇಗದ ಓಟಕ್ಕೆ 14ರ ಹತ್ತಿರ ಇಟ್ಟರೆ ಎಂಜಿನ್ ತಂಪಾಗಿ ಓಡುತ್ತದೆ. ಎರಡು ಸಿಲಿಂಡರ್‌ಗಳ ಪೆಟ್ರೋಲ್ ಟೇಬಲ್ ಬೇರೆ ಬೇರೆ ತಿದ್ದಬೇಕು, ಗಾಳಿಗೆ ಮರೆಯಾದ ಹಿಂದಿನ ಸಿಲಿಂಡರ್ ಹೆಚ್ಚು ಕಾಯುತ್ತದೆ. ರಿಂಗ್ ಕೂರುವವರೆಗೆ, ಸುಮಾರು 800 ಕಿಲೋಮೀಟರ್, ಇಸಿಯುವಿನ ಎಚ್ಚರದ ತಾತ್ಕಾಲಿಕ ಮ್ಯಾಪಿನಲ್ಲೇ ಓಡಿಸಿ ಆಮೇಲೆ ಡೈನೋ (ಎಂಜಿನ್ನಿನ ಶಕ್ತಿ ಅಳೆಯುವ ಯಂತ್ರ) ಏರಿಸಿ. ಡೈನೋ ಚೀಟಿಯ ಮೂಲೆಯಲ್ಲಿ ಎಸ್‌ಎಇ ಎಂದಿದೆಯೋ ಎಸ್‌ಟಿಡಿ ಎಂದಿದೆಯೋ ನೋಡಿ, ಹವೆಗೆ ತಕ್ಕಂತೆ ಅಂಕಿ ತಿದ್ದುವ ಎರಡು ಬೇರೆ ಲೆಕ್ಕಗಳು ಇವು. ಅದೇ ಬೈಕು ಅದೇ ದಿನ ಎಸ್‌ಟಿಡಿ ಲೆಕ್ಕದಲ್ಲಿ ಸುಮಾರು ಶೇಕಡಾ 4 ಹೆಚ್ಚು ತೋರಿಸುತ್ತದೆ, ಒಂದರಲ್ಲಿ ಮೊದಲಿನದನ್ನು, ಇನ್ನೊಂದರಲ್ಲಿ ಆಮೇಲಿನದನ್ನು ಹೋಲಿಸಿ ಖುಷಿಪಡುವಂತಿಲ್ಲ.

ಟ್ಯೂನಿಂಗ್ ಆದ ಮೇಲೆ ಒಂದು ಬಿಸಿಲಿನ ದಿನ ಏರು ರಸ್ತೆಯಲ್ಲಿ ದುಡಿಸಿ ಹಿಂದಿನ ಪ್ಲಗ್ ತೆಗೆದು ಭೂತಗನ್ನಡಿಯಲ್ಲಿ ನೋಡಿ. ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಎರಚಿದಂತೆ ಕಪ್ಪು ಚುಕ್ಕಿಗಳೋ, ಮಿನುಗುವ ಅಲ್ಯೂಮಿನಿಯಂ ಕಣಗಳೋ ಕಂಡರೆ ಕಿವಿಗೆ ಕೇಳದಿದ್ದರೂ ನಾಕಿಂಗ್ ನಡೆದಿದೆ. ಆ ಕಣಗಳು ಪಿಸ್ಟನ್ನಿನವು. ಇಗ್ನಿಷನ್ ಟೈಮಿಂಗ್ ಎರಡು ಡಿಗ್ರಿ ಹಿಂದಕ್ಕೆ ತಂದು, ಹೊಸ ಪ್ಲಗ್ ಹಾಕಿ, ಅದೇ ಏರನ್ನು ಮತ್ತೆ ಹತ್ತಿಸಿ ನೋಡಿ. ಪಿಂಗಾಣಿ ಚೊಕ್ಕವಾಗಿ ಬಂದ ದಿನ ಕ್ಯಾಮೆರಾ ಕಟ್ಟಿಕೊಂಡು ಹಳೆಯ ಆ ನೇರ ರಸ್ತೆಗೆ ಹೋಗಿ. ಟ್ಯಾಂಕಿನಲ್ಲಿ ಅಷ್ಟೇ ಪೆಟ್ರೋಲ್, ಅದೇ ಗೇರ್, ಹೋಗುವಾಗ ಮೂರು ಸಲ, ಬರುವಾಗ ಮೂರು ಸಲ, 2000ದಿಂದ 4000.